ಆಯುಧಸಂಗ್ರಹವೂ ಭಂಡಾರಿಯ ಧರ್ಮವೂ

ಕೂಡಿಡುವುದು ಜೀವಿಗಳ ಸಹಜಗುಣವಾಗಿದೆ. ಇರುವೆಯು ಮಳೆಗಾಲಕ್ಕೆಂದು ಕಾಳನ್ನು ಕೂಡಿಡುತ್ತದೆ; ಜೇನು ತನ್ನ ಸಂತತಿಗೆಂದು ಮಧುವನ್ನು ಕೂಡಿಡುತ್ತದೆ. ಆದರೆ ಉಣ್ಣಲು ಬಾರದ, ಉಡಲು ಬಾರದ, ದುಡಿಮೆಗೂ ಒದಗದ ವಸ್ತುವನ್ನು ಕೂಡಿಟ್ಟು, ಅದನ್ನು ನೋಡಿ ನೋಡಿ ಹಿಗ್ಗುವ ಗುಣವು ಮನುಷ್ಯನೊಬ್ಬನಿಗೇ ಮೀಸಲಾದುದು. ಈ ಗುಣದಿಂದಲೇ ಗ್ರಂಥಭಂಡಾರಗಳೂ ವಸ್ತುಸಂಗ್ರಹಾಲಯಗಳೂ ಹುಟ್ಟಿದುವು. ಈ ಗುಣದಿಂದಲೇ ಬಾಳಿ ಬದುಕಿದ ಮನೆತನಗಳು ಸಾಲಕ್ಕೆ ಬಿದ್ದುದೂ ಉಂಟು. ಆದುದರಿಂದ ಸಂಗ್ರಹವು ಗುಣವೋ ದೋಷವೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸಾಧುವಲ್ಲ. ಏನನ್ನು, ಯಾರಿಗಾಗಿ, ಯಾವ ಭಾವದಿಂದ ಕೂಡಿಡಲಾಯಿತು ಎಂಬುದನ್ನು ನೋಡಿಯೇ ನಿರ್ಣಯಿಸಬೇಕು.

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವವರಂತೆಯೇ, ಯುರೋಪಿನ ಸೈನ್ಯಗಳಲ್ಲಿ ಒಂದು ಕಾಲಕ್ಕೆ ಬಳಕೆಯಲ್ಲಿದ್ದ ಹಳೆಯ ಪಿಸ್ತೂಲುಗಳನ್ನೂ ಅವುಗಳ ಪರಿಕರಗಳನ್ನೂ ಕೂಡಿಡುವವರು ಲೋಕದಲ್ಲಿ ಬಹುಮಂದಿ ಇದ್ದಾರೆ. ಇವರಲ್ಲಿ ಸಜ್ಜನರೂ ವಿದ್ಯಾವಂತರೂ ಉಂಟು. ಒಂದು ಇರುವೆಯನ್ನೂ ನೋಯಿಸಲೊಲ್ಲದವರೂ ಈ ಹವ್ಯಾಸಕ್ಕೆ ಒಲಿದಿರುತ್ತಾರೆ. ಕೊಲ್ಲುವ ಶಕ್ತಿಯನ್ನು ಕಳೆದುಕೊಂಡ ಆಯುಧವನ್ನು ಪ್ರೀತಿಯಿಂದ ಕಾಯ್ದಿಡುವುದು ಅಹಿಂಸೆಯನ್ನೇ ಆಚಾರವೆಂದು ಬಗೆದ ಗೃಹಸ್ಥನಿಗೆ ತಕ್ಕುದೆ? ಇದು ಇಲ್ಲಿಯ ವಿಚಾರ.

ಈ ವಿಚಾರಕ್ಕೆ ಸಗರನಾಡಿನ ಗೋಗಿ ಗ್ರಾಮವು ತಕ್ಕ ಪೀಠಿಕೆಯಾಗಿದೆ. ಶಹಾಪುರ ತಾಲ್ಲೂಕಿನ ಈ ಊರಿನಲ್ಲಿ, ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ಸನ್ನಿಧಿಯಲ್ಲಿ, ಬಿಜಾಪುರದ ಆದಿಲಶಾಹಿ ರಾಜ್ಯವನ್ನು ಕಟ್ಟಿದ ಯೂಸುಫ್ ಆದಿಲ್ ಶಹನೂ ಅವನ ತರುವಾಯ ಆಳಿದ ಇಸ್ಮಾಯಿಲ್, ಮಲ್ಲೂ, ಒಂದನೆಯ ಇಬ್ರಾಹಿಂ ಇವರೂ ಮಣ್ಣುಗೂಡಿದ್ದಾರೆ. 1510ರಲ್ಲಿ ಪೋರ್ಚುಗೀಜರು ಗೋವೆಯನ್ನು ಕಿತ್ತುಕೊಂಡುದು ಈ ಮನೆತನದ ಕೈಯಿಂದಲೇ. ತೋಪು ಮದ್ದುಗಳ ಬಲದಿಂದ ರಾಜ್ಯವನ್ನು ಗಳಿಸಿದ, ಉಳಿಸಿದ, ಕಳೆದುಕೊಂಡ ಆ ಅರಸರು ಇಂದು ಗೋಲಗುಮ್ಮಟದ ವೈಭವವಿಲ್ಲದ ಸರಳ ಗೋರಿಗಳಲ್ಲಿ ಒಬ್ಬ ನಿರಾಯುಧ ಸಂತನ ನೆರೆಯನ್ನು ಬಯಸಿ ಮಲಗಿದ್ದಾರೆ. ಆಯುಧದ ಕಡೆಯ ಬೆಲೆ ಎಷ್ಟೆಂಬುದನ್ನು ಬಿಜಾಪುರದ ಮಲಿಕ್‌-ಎ-ಮೈದಾನ್ ತೋಪೂ ಸಾರಿ ಹೇಳುತ್ತದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ಮಹಾಯಂತ್ರವು 1854ರಲ್ಲಿ ಹರಾಜಿಗೆ ಬಂದಾಗ ಅದಕ್ಕೆ ಕೂಗಿದ ಬೆಲೆ ಕೇವಲ 150 ರೂಪಾಯಿ! ಕಡೆಗೆ ಆ ಮಾರಾಟವು ರದ್ದಾಗಿ ತೋಪು ಅಲ್ಲಿಯೇ ಉಳಿಯಿತು.

ಇಂಥ ನಾಡಿನ ಒಬ್ಬ ಗೃಹಸ್ಥನನ್ನು ಮನಸ್ಸಿನಲ್ಲಿ ಭಾವಿಸಿಕೊಳ್ಳಬಹುದು. ಆತನು ಹೊಲ ಮನೆ ಉಳ್ಳವನು. ನಿತ್ಯವೂ ಇಷ್ಟಲಿಂಗವನ್ನು ಪೂಜಿಸುವವನು. ಬಂದ ಜಂಗಮರಿಗೆ ಬಾಗಿಲು ಮುಚ್ಚಿದವನಲ್ಲ. ಹಳೆಯ ಮನೆಯ ಅಟ್ಟವನ್ನು ಕೆಡಹುವಾಗ ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಒಂದು ಹಳೆಯ ವಿಲಾಯತಿ ಪಿಸ್ತೂಲು ಆತನಿಗೆ ದೊರೆಯುತ್ತದೆ. ನಳಿಗೆ ತುಕ್ಕು ಹಿಡಿದಿದೆ, ಕುದುರೆ ಎದ್ದೇಳದು. ಆದರೂ ಹಿಡಿಕೆಯ ಮರದ ಕೆತ್ತನೆ ಮನೋಹರವಾಗಿದೆ. ಇದು ಏನು, ಎಲ್ಲಿಯದು ಎಂದು ತಿಳಿಯುವ ಆಸೆ ಆತನಲ್ಲಿ ಮೂಡುತ್ತದೆ. ಆ ಆಸೆಯಲ್ಲಿ ದೋಷವೇನೂ ಇಲ್ಲ.

ತಿಳಿಯಹೊರಟವನಿಗೆ ದೊಡ್ಡದೊಂದು ಶಾಸ್ತ್ರವೇ ಕಣ್ಣಮುಂದೆ ತೆರೆದುಕೊಳ್ಳುತ್ತದೆ. ಮೊದಲು ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಪಿಸ್ತೂಲುಗಳಿದ್ದುವು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ತಾಮ್ರದ ಸಣ್ಣ ಕೇಪಿನ ಮೇಲೆ ಪೆಟ್ಟು ಬಿದ್ದು ಹೊತ್ತುವ ಕ್ರಮ ಬಂದಿತು. ಬಳಿಕ ಒಂದೇ ನಳಿಗೆಯ ಹಿಂದೆ ಐದಾರು ಗುಂಡುಗಳ ಉರುಳೆ ತಿರುಗುವ ರಿವಾಲ್ವರು ಹುಟ್ಟಿತು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅಮೇರಿಕದ ಕೋಲ್ಟ್ ಎಂಬವನೂ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಎಂಬವನೂ ತಂತಮ್ಮ ರಿವಾಲ್ವರುಗಳನ್ನು ಸ್ಪರ್ಧೆಗಿಟ್ಟಂತೆ ಮೆರೆಸಿದರು. 1887ರಲ್ಲಿ ಬ್ರಿಟಿಷ್ ಸೈನ್ಯವು ವೆಬ್ಲಿಯನ್ನು ಸ್ವೀಕರಿಸಿತು. 1896ರಲ್ಲಿ ಜರ್ಮನಿಯ ಮೌಸರ್ ಬಂದಿತು. 1908ರಲ್ಲಿ ಜರ್ಮನ್ ಸೈನ್ಯವು ಲ್ಯೂಗರನ್ನು ತನ್ನದಾಗಿಸಿಕೊಂಡಿತು. ಒಂದೊಂದಕ್ಕೂ ಅದರದರ ಪರಿವಾರ ಬೇರೆ. ತೊಗಲಿನ ಒರೆ, ಮದ್ದು ತುಂಬುವ ಬುರುಡೆ, ಸೀಸದ ಗುಂಡು ಎರೆಯುವ ಅಚ್ಚು, ಕೇಪಿನ ಡಬ್ಬಿ, ನಳಿಗೆ ಒರೆಸುವ ಸಲಾಕೆ, ಕೊರಳಿಗೆ ತೊಡುವ ಹುರಿ ಮುಂತಾದುವು ಇವುಗಳಲ್ಲಿ ಸೇರುತ್ತವೆ. ಮೌಸರಿಗೆ ಮರದ ಒರೆಯೊಂದಿದ್ದು, ಅದನ್ನೇ ಹಿಂಬದಿಗೆ ಜೋಡಿಸಿ ಹೆಗಲಿಗೆ ಆನಿಸಿಕೊಳ್ಳುವ ಏರ್ಪಾಡು ಇದೆ. ಲ್ಯೂಗರಿನ ಸಣ್ಣ ಸಣ್ಣ ಅಂಗಗಳ ಮೇಲೂ ಅಂಕಿಗಳನ್ನು ಮುದ್ರೆಯೊತ್ತಿರುತ್ತಾರೆ. ಎಲ್ಲ ಅಂಗಗಳ ಅಂಕಿಗಳೂ ಒಂದಕ್ಕೊಂದು ತಾಳೆಯಾದರೆ ಬೆಲೆ ಇಮ್ಮಡಿ ಮುಮ್ಮಡಿಯಾಗುತ್ತದೆ. ಒಂದು ಅಂಗದ ಅಂಕಿ ಬೇರೆಯಾದರೂ ಸಂಗ್ರಾಹಕನು ಮುಖ ಸಿಂಡರಿಸುತ್ತಾನೆ.

ಗೃಹಸ್ಥನಿಗೆ ಒಂದು ಪಿಸ್ತೂಲು ಸಾಲದಾಗುತ್ತದೆ. ಅಜ್ಜನ ಪಿಸ್ತೂಲಿಗೆ ಮದ್ದಿನ ಬುರುಡೆಯಿಲ್ಲವೆಂಬುದು ಕೊರತೆಯಾಗಿ ಕಾಡುತ್ತದೆ. ಬುರುಡೆ ಬಂದ ಮೇಲೆ ಅಚ್ಚು ಬೇಕು, ಅಚ್ಚು ಬಂದ ಮೇಲೆ ಮಖಮಲ್ಲಿನ ಪೆಟ್ಟಿಗೆ ಬೇಕು. ಪೆಟ್ಟಿಗೆಯಲ್ಲಿ ಇನ್ನೊಂದು ಪಿಸ್ತೂಲಿಗೆ ಎಡೆಯಿರುವುದರಿಂದ ಅದರ ಜೋಡಿ ಬೇಕು. ಶ್ರಾವಣವು ಸಮೀಪಿಸಿದಾಗ ಮಡದಿಯು ರೂಢಿಯಂತೆ ಕೇಳುತ್ತಾಳೆ: “ಈ ಸಲ ಮಠದ ದಾಸೋಹಕ್ಕ ಜ್ವಾಳ ಎಷ್ಟು ಚೀಲ ಕಳಸೋದ್ರಿ?” ಪ್ರತಿವರ್ಷ ಐದು ಚೀಲ ಕಳುಹಿಸುತ್ತಿದ್ದ ಆತನು, ಆಕೆಯ ಮುಖವನ್ನು ನೋಡದೆ, “ಈ ಸಲ ಎರಡು ಸಾಕು” ಎನ್ನುತ್ತಾನೆ. ಆಯುಧವು ಗುಂಡು ಹಾರಿಸದೆಯೇ ಮೊದಲ ಗಾಯವನ್ನು ಮಾಡಿದ್ದು ಈ ಗಳಿಗೆಯಲ್ಲಿ.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿಯೇ ಮಂಡಿಸಬೇಕು. ಸಂಗ್ರಾಹಕನು ಮೂರು ಮಾತುಗಳನ್ನು ಹೇಳಬಲ್ಲನು. ಮೊದಲನೆಯದಾಗಿ, ಇದು ಸತ್ತ ಆಯುಧ. ಹಲ್ಲು ಕಿತ್ತ ಹಾವಿನಂತೆ ಯಾರನ್ನೂ ಕಚ್ಚದು. ಆದುದರಿಂದ ಹಿಂಸೆಯ ದೋಷವು ತಗಲದು. ಎರಡನೆಯದಾಗಿ, ಇದರಲ್ಲಿ ಕಮ್ಮಾರನ, ಬಡಗಿಯ, ಚಿತ್ತಾರದವನ ಕಾಯಕವು ಅಡಗಿದೆ. ಕಾಯಕವನ್ನು ಗೌರವಿಸುವವನು ಅದರ ಫಲವನ್ನೂ ಗೌರವಿಸಬೇಕು. ಮೂರನೆಯದಾಗಿ, ಇದು ಇತಿಹಾಸದ ಸಾಕ್ಷಿ. ಸಾಕ್ಷಿಯನ್ನು ನಾಶಮಾಡುವುದೂ ಒಂದು ಪಾಪವೇ.

ಈ ಮೂರರಲ್ಲಿಯೂ ಸತ್ಯಾಂಶವಿದೆ. ಮೊದಲನೆಯ ಮಾತಿಗೆ ಶಾಸನವೂ ತಕ್ಕಮಟ್ಟಿಗೆ ಬೆಂಬಲ ಕೊಡುತ್ತದೆ. 1959ರ ಆಯುಧ ಕಾಯಿದೆಯು, ಬಳಕೆ ತಪ್ಪಿದ ಇಲ್ಲವೆ ಪುರಾತನ ಮೌಲ್ಯವುಳ್ಳ ಆಯುಧವು ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದಂತಿದ್ದರೆ, ಅದನ್ನು ತನ್ನ ಕಟ್ಟುಪಾಡಿನಿಂದ ಹೊರಗಿಟ್ಟಿದೆ. ಆದರೆ ‘ಹಳೆಯದು’ ಎಂಬ ಒಂದೇ ಕಾರಣದಿಂದ ಬಿಡುಗಡೆಯಿಲ್ಲ. ಹಾರಿಸಬಲ್ಲ ಪಿಸ್ತೂಲಿಗೆ ಅಜ್ಜನ ಕಾಲದ್ದಾದರೂ ಪರವಾನಗಿ ಬೇಕೇ ಬೇಕು. 2019ರ ತಿದ್ದುಪಡಿಯಂತೆ ಒಬ್ಬನು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಪಿಸ್ತೂಲುಗಳನ್ನು ಇಟ್ಟುಕೊಳ್ಳುವಂತಿಲ್ಲ. ನೂರು ವರ್ಷಕ್ಕೆ ಮೀರಿದ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯಿದೆಯು ತಡೆಯುತ್ತದೆ. ಗೃಹಸ್ಥನು ಇಷ್ಟನ್ನು ಪಾಲಿಸಲೇಬೇಕು. ಆದರೆ ಶಾಸನವು ನೋಡುವುದು ಪಿಸ್ತೂಲಿನ ನಳಿಗೆಯನ್ನು. ಶರಣಧರ್ಮವು ನೋಡುವುದು ಅದನ್ನು ಹಿಡಿದವನ ಮನಸ್ಸನ್ನು. ನಳಿಗೆಯಲ್ಲಿ ಮದ್ದಿಲ್ಲದಿದ್ದರೆ ಶಾಸನವು ತೃಪ್ತಿಪಡುತ್ತದೆ. ಮನಸ್ಸಿನಲ್ಲಿ ಏನಿದೆ ಎಂಬುದನ್ನು ಕೇಳುವವರು ಯಾರು?

ಅದನ್ನು ಕೇಳಲು ಗೋಗಿಯಿಂದ ಬಹುದೂರ ಹೋಗಬೇಕಾಗಿಲ್ಲ. ನೆರೆಯ ಸುರಪುರಕ್ಕೆ ಹೋದರೆ ಸಾಕು. ಅಲ್ಲಿಯ ಅರಸುಕುಮಾರ ರಾಜಾ ವೆಂಕಟಪ್ಪ ನಾಯಕನು ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತವನ್ನು ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯು ನೋಡಿಕೊಂಡನು. ಬಾಲಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. 1853ರಲ್ಲಿ ಅಧಿಕಾರವು ತರುಣ ರಾಜನ ಕೈಗೆ ಬಂದಿತು. 1858ರ ಫೆಬ್ರವರಿಯಲ್ಲಿ ಸುರಪುರವು ಕಂಪನಿಯ ಸೈನ್ಯದೊಡನೆ ಕಾದಿ ಸೋತಿತು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ನಿಜಾಮನ ದಿವಾನನಾಗಿದ್ದ ಒಂದನೆಯ ಸಾಲಾರಜಂಗನ ಮೂಲಕ ಬ್ರಿಟಿಷ್ ರೆಸಿಡೆಂಟನ ವಶಕ್ಕೆ ಬಂದನು. ಮರಣದಂಡನೆಯ ತೀರ್ಪು ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷಗಳ ಸೆರೆಯಾಗಿ ನಿಂತಿತು. ಚೆಂಗಲಪಟ್ಟಿನ ಕಡೆಗೆ ಅವನನ್ನು ಕರೆದೊಯ್ಯುತ್ತಿದ್ದಾಗ, ಮಾರ್ಗಮಧ್ಯದ ಬಿಡಾರದಲ್ಲಿ, ಕಾವಲಿನ ಇಂಗ್ಲಿಷ್ ಅಧಿಕಾರಿಯು ತನ್ನ ರಿವಾಲ್ವರನ್ನು ಸೊಂಟಪಟ್ಟಿಯ ಸಮೇತ ತೆಗೆದಿಟ್ಟು ಅತ್ತ ಸರಿದನು. ಕ್ಷಣಕಾಲದಲ್ಲಿ ಗುಂಡಿನ ಸದ್ದು ಕೇಳಿಸಿತು. ರಾಜನು ಹತಪ್ರಾಣನಾಗಿ ಬಿದ್ದಿದ್ದನು. ತಾನೇ ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ ಎಂಬ ಸಂದೇಹವನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಉಳಿಸಿದ್ದಾನೆ. ಆ ಗ್ರಂಥವು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಪ್ರಕಟವಾಯಿತು. ರಾಜನಿಗೆ ಆಗ ಇಪ್ಪತ್ತೈದು ತುಂಬಿರಲಿಲ್ಲ.

ಒಂದು ಯುರೋಪಿಯನ್ ಸೈನಿಕ ರಿವಾಲ್ವರು, ಒಂದು ತೊಗಲಿನ ಒರೆ, ಒಂದು ಸೊಂಟಪಟ್ಟಿ. ಇವು ಮೂರೂ ಸಂಗ್ರಾಹಕರು ಹುಡುಕುವ ವಸ್ತುಗಳೇ. ಆ ರಿವಾಲ್ವರು ಇಂದು ಯಾವನಾದರೊಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಪ್ರಮಾಣಪತ್ರಗಳ ಸಹಿತ ಕಾಣಿಸಿಕೊಂಡಿತೆಂದು ಭಾವಿಸಬಹುದು. ಅದರ ಬೆಲೆ ಏನಾದೀತು? ಅದೇ ತಯಾರಕನ, ಅದೇ ವರ್ಷದ, ಅದೇ ಅಂದದ ಇನ್ನೊಂದು ರಿವಾಲ್ವರಿಗಿಂತ ಹತ್ತು ಪಾಲು ಹೆಚ್ಚಾದೀತು. ಆ ಹೆಚ್ಚಳವು ಉಕ್ಕಿಗೆ ಬಂದ ಬೆಲೆಯಲ್ಲ, ಕಮ್ಮಾರನ ಕೈಚಳಕಕ್ಕೆ ಬಂದ ಬೆಲೆಯೂ ಅಲ್ಲ. ಅದು ಆ ತರುಣನ ನೆತ್ತರಿಗೆ ಬಂದ ಬೆಲೆ. ಇದು ಬರಿಯ ಊಹೆಯೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಟಿಪ್ಪುವಿನ ಶಯನಗೃಹದಿಂದ ಒಯ್ದ ಖಡ್ಗವು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಅವನು ಸೋಲದೆ, ಸಾಯದೆ ಇದ್ದಿದ್ದರೆ ಆ ಖಡ್ಗಕ್ಕೆ ಆ ಬೆಲೆ ಬರುತ್ತಿತ್ತೆ?

ಈಗ ಪೂರ್ವಪಕ್ಷದ ಮೊದಲ ಮಾತಿಗೆ ಉತ್ತರ ದೊರೆಯುತ್ತದೆ. ಆಯುಧವು ಸತ್ತಿದೆ, ನಿಜ. ಆದರೆ ಸಂಗ್ರಾಹಕನು ಹಣಕೊಟ್ಟು ಕೊಳ್ಳುವುದು ಅನೇಕವೇಳೆ ಅದರ ಜೀವಂತಕಾಲದ ಕ್ರೌರ್ಯವನ್ನೇ. ‘ಇದು ಯುದ್ಧವನ್ನು ಕಂಡದ್ದು’ ಎಂಬ ಮಾತಿಗೆ ಆತನ ಕಣ್ಣು ಅರಳುತ್ತದೆ. ‘ಇದು ಕಾರ್ಖಾನೆಯಿಂದ ಹೊರಗೆ ಬಂದುದೇ ಇಲ್ಲ’ ಎಂದರೆ ಉತ್ಸಾಹ ಕುಗ್ಗುತ್ತದೆ. ಪರರ ನೋವನ್ನು ಕಂಡು ಮರುಗಬೇಕಾದ ಮನಸ್ಸು ಆ ನೋವನ್ನೇ ಆಭರಣವನ್ನಾಗಿ ಧರಿಸಿಕೊಂಡಿತು. ಇಲ್ಲಿ ಹಿಂಸೆಯು ಕೈಯಲ್ಲಿಲ್ಲ, ರುಚಿಯಲ್ಲಿದೆ. ರುಚಿಯಲ್ಲಿ ನೆಲೆಸಿದ ಹಿಂಸೆಯು ಕೈಯಲ್ಲಿಯ ಹಿಂಸೆಗಿಂತ ಸೂಕ್ಷ್ಮವಾದುದು. ತನಗೆ ತಾನೇ ಕಾಣಿಸದು.

ಹಾಗಾದರೆ ಆಯುಧವನ್ನು ಪ್ರೀತಿಸಿದವರೆಲ್ಲರೂ ದೂಷ್ಯರೆ? ಅಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕೆ ಒಪ್ಪಲಿಲ್ಲ. ಊರು ಸುಟ್ಟುಹೋಯಿತು; ಅವರಲ್ಲಿ 19 ಮಂದಿಯನ್ನು ಆ ವರ್ಷದ ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಅವರಿಗೆ ಆಯುಧವು ಗಾಜಿನ ಪೆಟ್ಟಿಗೆಯ ಶೋಭೆಯಾಗಿರಲಿಲ್ಲ. ಬಾಳುವೆಯ ಸಾಧನವಾಗಿತ್ತು, ಕುಲದ ಮಾನವಾಗಿತ್ತು. ಒಕ್ಕಲಿಗನಿಗೆ ನೇಗಿಲು, ನೇಕಾರನಿಗೆ ಮಗ್ಗ ಹೇಗೋ ಅವರಿಗೆ ಅದು ಹಾಗೆ. ಮಹಾನವಮಿಯಲ್ಲಿ ಈ ನಾಡಿನ ಜನರು ಉಪಕರಣಗಳನ್ನು ತೊಳೆದು ಪೂಜಿಸುವುದು ಈ ಭಾವದಿಂದಲೇ. ಕಾಯಕದಲ್ಲಿ ಸವೆದ ಉಪಕರಣವು ಪೂಜ್ಯವಾಗುತ್ತದೆ. ಕಾಯಕವನ್ನೇ ಅರಿಯದೆ ಪೆಟ್ಟಿಗೆಯಲ್ಲಿ ಕುಳಿತ ಆಯುಧಕ್ಕೆ ಆ ಗೌರವವು ತಾನಾಗಿ ಸಲ್ಲದು. ಅದನ್ನು ಕಾಯುವವನ ನಡತೆಯಿಂದ ಮಾತ್ರ ಸಲ್ಲಬಹುದು.

ಆ ನಡತೆ ಯಾವುದು ಎಂಬುದನ್ನು ಈ ಸೀಮೆಯ ಶರಣರೇ ತೋರಿಸಿಕೊಟ್ಟಿದ್ದಾರೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಅದನ್ನು ಒಲೆಯ ಮೇಲೆ ಏರಿಸಲಿಲ್ಲ. ಹೆಚ್ಚಾದುದನ್ನು ಬಿದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಅಕ್ಕಿಯು ಕಳವಿನದಲ್ಲ, ಅಶುದ್ಧವೂ ಅಲ್ಲ. ಆದರೂ ಬೇಕಾದುದಕ್ಕಿಂತ ಹೆಚ್ಚಾದುದು ಮನಸ್ಸಿನಲ್ಲಿ ಆಸೆಯಾಗಿ ಮೊಳೆಯುತ್ತದೆಂಬುದನ್ನು ಆ ತಾಯಿ ಅರಿತಿದ್ದರು. ಅನ್ನಕ್ಕೇ ಈ ನಿಯಮವಾದರೆ, ಅನ್ನವಾಗದ ವಸ್ತುವಿಗೆ ಇನ್ನೆಷ್ಟು ಕಟ್ಟುನಿಟ್ಟಾಗಿರಬೇಕು!

ಇನ್ನು ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನವರು. ಬಹುಕಾಲ ಶ್ರಮಿಸಿ ನೆಯ್ದ ದಿವ್ಯವಸ್ತ್ರವನ್ನು ಅವರು ಬೇಡಿದ ವೃದ್ಧಜಂಗಮನಿಗೆ ನೀಡಿದರೆಂದೂ, ಆ ಜಂಗಮನು ಅದನ್ನು ಅವರ ಕಣ್ಣೆದುರಿಗೇ ಚೂರುಚೂರಾಗಿ ಹರಿದನೆಂದೂ, ದಾಸಿಮಯ್ಯನವರ ಮುಖವು ಕಿಂಚಿತ್ತೂ ಬಾಡಲಿಲ್ಲವೆಂದೂ, ಆ ಬಳಿಕ ಅವರಿಗೆ ತವನಿಧಿಯು ದೊರೆಯಿತೆಂದೂ ಪುರಾಣಗಳು ಹೇಳುತ್ತವೆ. ಪೂರ್ವಪಕ್ಷದ ಎರಡನೆಯ ಮಾತಿಗೆ ಉತ್ತರವು ಇಲ್ಲಿಯೇ ಇದೆ. ಕಾಯಕವನ್ನು ಗೌರವಿಸುವುದೆಂದರೆ ಅದರ ಫಲಕ್ಕೆ ಅಂಟಿಕೊಳ್ಳುವುದಲ್ಲ. ನೆಯ್ದವನೇ ಅಂಟಿಕೊಳ್ಳಲಿಲ್ಲ, ಕೊಂಡವನು ಅಂಟಿಕೊಂಡರೆ ಆ ಕಾಯಕವನ್ನು ಗೌರವಿಸಿದಂತಾಯಿತೆ?

ಮೂರನೆಯ ಮಾತು ಉಳಿಯಿತು: ಇತಿಹಾಸದ ಸಾಕ್ಷಿ. ಇದು ಮೂರರಲ್ಲಿ ಬಲವಾದುದು, ಇದನ್ನು ತಳ್ಳಿಹಾಕಬಾರದು. ಸಾಕ್ಷಿಯನ್ನು ಒಡೆದುಹಾಕಿದರೆ ಅನ್ಯಾಯಕ್ಕೆ ಅನುಕೂಲವಾಗುತ್ತದೆ. ಆದರೆ ಸಾಕ್ಷಿಯ ಲಕ್ಷಣವೇನು? ಸಭೆಯಲ್ಲಿ ನಿಂತು ಕಂಡುದನ್ನು ಕಂಡಂತೆ ಹೇಳುವುದು. ಬೀಗಹಾಕಿದ ಕೋಣೆಯಲ್ಲಿ ಒಬ್ಬನ ಕಣ್ಣಿಗೆ ಮಾತ್ರ ಬೀಳುವ ಸಾಕ್ಷಿಯು ಸಾಕ್ಷಿಯಲ್ಲ, ಸೆರೆಯಾಳು. ಇಲ್ಲಿ ಇತಿಹಾಸದ ಒಂದು ಸೋಜಿಗವನ್ನು ನೆನೆಯಬೇಕು. ಗೋಗಿ ಸುರಪುರಗಳು ಒಂದು ಕಾಲಕ್ಕೆ ಯಾವ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುವೋ ಅಲ್ಲಿಯ ಮೂರನೆಯ ಸಾಲಾರಜಂಗನು (1889–1949) ದೇಶವಿದೇಶಗಳ ಅಪೂರ್ವ ವಸ್ತುಗಳನ್ನು ಜೀವಮಾನವಿಡೀ ಕೂಡಿಹಾಕಿದನು. ವೆಂಕಟಪ್ಪ ನಾಯಕನನ್ನು ರೆಸಿಡೆಂಟನಿಗೆ ಒಪ್ಪಿಸಿದ ದಿವಾನನ ಮೊಮ್ಮಗನೇ ಈತನು. ಮಡದಿಮಕ್ಕಳಿಲ್ಲದೆ ತೀರಿಹೋದ ಆತನ ಸಂಗ್ರಹವು ಹಂಚಿಹೋಗದೆ 1951ರಲ್ಲಿ ಸಾರ್ವಜನಿಕ ವಸ್ತುಸಂಗ್ರಹಾಲಯವಾಯಿತು. 1961ರಲ್ಲಿ ಸಂಸತ್ತಿನ ಕಾಯಿದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿತು. ಅಲ್ಲಿ ಆಯುಧಗಳ ಶಾಲೆಯೂ ಇದೆ. ನವಾಬನು ಕಣ್ತುಂಬ ನೋಡಿದ ವಸ್ತುವನ್ನು ಇಂದು ಕೂಲಿಕಾರನ ಮಗುವೂ ನೋಡುತ್ತದೆ. ಸಂಗ್ರಹವು ದಾಸೋಹವಾಗುವ ಬಗೆ ಇದು.

ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅವರ ಕೈಯಲ್ಲಿ ರಾಜ್ಯದ ಬೊಕ್ಕಸವೇ ಇತ್ತು. ಆದರೆ ಅದರಲ್ಲಿ ‘ನನ್ನದು’ ಎಂಬ ಒಂದು ಕಾಸೂ ಇರಲಿಲ್ಲ. ಭಂಡಾರಿಯು ಒಡೆಯನಿಗಿಂತ ಎಚ್ಚರದಿಂದ ಕಾಯುತ್ತಾನೆ, ಲೆಕ್ಕವಿಡುತ್ತಾನೆ, ಕೇಳಿದಾಗ ಒಪ್ಪಿಸುತ್ತಾನೆ, ಒಪ್ಪಿಸುವಾಗ ಅಳುವುದಿಲ್ಲ. ಹಳೆಯ ಪಿಸ್ತೂಲನ್ನು ಇಟ್ಟುಕೊಂಡ ಗೃಹಸ್ಥನಿಗೆ ಶರಣಮಾರ್ಗವು ವಿಧಿಸುವುದು ಈ ಭಂಡಾರಿಯ ಧರ್ಮವನ್ನು. ಅಜ್ಜನಿಂದ ಬಂದುದನ್ನು ಬಿಸಾಡಬೇಕಾಗಿಲ್ಲ. ಅದರ ವಿವರವನ್ನು ಬರೆದಿಡಲಿ; ಶಾಸನಕ್ಕೆ ಒಪ್ಪುವಂತೆ ದಾಖಲೆ ಮಾಡಿಸಲಿ; ಊರಿನ ಮಕ್ಕಳಿಗೆ ತೋರಿಸಿ ಅದು ಕಂಡ ದುಃಖವನ್ನೂ ಹೇಳಲಿ; ತನ್ನ ಕಾಲಾನಂತರ ವಸ್ತುಸಂಗ್ರಹಾಲಯಕ್ಕೆ ಸೇರುವಂತೆ ಏರ್ಪಡಿಸಲಿ. ಆದರೆ ಅದರ ಜೋಡಿಯನ್ನು ಹುಡುಕುತ್ತ ದಾಸೋಹದ ಜೋಳವನ್ನು ಕಡಿಮೆಮಾಡದಿರಲಿ.

ಮೇಲೆ ಹೇಳಿದ ಗೃಹಸ್ಥನು ಒಂದು ರಾತ್ರಿ ದೀಪದ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು, ಹೊಸದಾಗಿ ತಂದ ಪಿಸ್ತೂಲಿನ ಅಂಗಾಂಗಗಳ ಅಂಕಿಗಳು ಒಂದಕ್ಕೊಂದು ಕೂಡುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದಾನೆ. ಮಡದಿಯು ಬಾಗಿಲಲ್ಲಿ ನಿಂತು, ದೂರುವ ದನಿಯಿಲ್ಲದೆ ಕೇಳುತ್ತಾಳೆ: “ಇದು ಯಾರ ಕೈಯಾಗ ಇತ್ತೋ, ಯಾರ ಮನಿ ದೀಪ ಆರಿಸೇತೋ, ಅದನ್ನೂ ಇದರ ಮ್ಯಾಲ ಬರದಾರೇನ್ರಿ?” ಆತನಿಗೆ ಉತ್ತರ ಹೊಳೆಯುವುದಿಲ್ಲ. ಉಕ್ಕಿನ ಮೇಲೆ ಅಂಕಿಯಿದೆ, ಅಳಿದವನ ಹೆಸರಿಲ್ಲ.

ಆ ಪ್ರಶ್ನೆಯೇ ಆತನಿಗೆ ಗುರೂಪದೇಶವಾಗಬೇಕು. ಕಬ್ಬಿಣದ ತುಂಡುಗಳಲ್ಲಿ ಅಂಕಿ ತಾಳೆಯಾಗುವುದನ್ನು ಇಷ್ಟು ಶ್ರದ್ಧೆಯಿಂದ ನೋಡುವವನು, ತನ್ನ ನುಡಿಗೂ ನಡೆಗೂ, ಪೂಜೆಗೂ ರುಚಿಗೂ, ಹೋದ ವರ್ಷದ ದಾಸೋಹಕ್ಕೂ ಈ ವರ್ಷದ ದಾಸೋಹಕ್ಕೂ ತಾಳೆಯಿದೆಯೆ ಎಂದು ಒಮ್ಮೆ ಭೂತಗನ್ನಡಿ ಹಿಡಿದು ನೋಡಿಕೊಳ್ಳಲಿ. ಅಲ್ಲಿ ಅಂಕಿ ತಪ್ಪಿದ್ದರೆ ಎಂಥ ಅಪೂರ್ವ ಸಂಗ್ರಹವೂ ಆ ಮನೆಯ ಬೆಲೆಯನ್ನು ಏರಿಸಲಾರದು. ಅದು ಕೂಡಿದ್ದರೆ ಅಜ್ಜನ ಒಂದೇ ಒಂದು ತುಕ್ಕು ಹಿಡಿದ ಪಿಸ್ತೂಲು ಸಾಕು. ಅದು ಆ ಮನೆಯಲ್ಲಿ ಆಯುಧವಾಗಿರದೆ ಕರುಣೆಯ ಪಾಠವಾಗಿರುತ್ತದೆ. ಮುಂದಿನ ಶ್ರಾವಣಕ್ಕೆ ಐದು ಚೀಲ ಜೋಳವು ಎಂದಿನಂತೆ ಮಠದ ಕಣಜವನ್ನು ಸೇರಿದರೆ, ಆತನ ಸಂಗ್ರಹವು ಪೂರ್ಣವಾಯಿತೆಂದು ತಿಳಿಯಬೇಕು.